‘ನಾ’ ಅಂದವಳ ಉತ್ತರ

ಹಳಿಯಾಳದಿಂದ ದಾಂಡೇಲಿಗೆ ಬರುವ ಸಂಜೆ ಬಸ್ಸಿನಲ್ಲಿ ಒಬ್ಬ ಹೈಸ್ಕೂಲ್ ಮಾಸ್ತರರು ಆಗಾಗ ಸಿಗುತ್ತಾರೆ. ಹೋದ ತಿಂಗಳು ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟು ಪೀಠಿಕೆ ಹಾಕಿದರು. “ಅಕ್ಕೋರ, ನೀವು ಅದ್ಯಾವುದೋ ಮನಶ್ಶಾಸ್ತ್ರದ ಪತ್ರಿಕೆಗೆ ಸಂಪಾದಕರಾಗೀರಂತಲ್ಲ?”

“ಸಂಪಾದಕಿ ಅಲ್ರಿ, ಸಂಪಾದಕ ಮಂಡಳಿಯೊಳಗ ಒಬ್ಬಾಕಿ.”

“ಎರಡೂ ಒಂದ ಬಿಡ್ರಿ. ನಮ್ಮ ಮಗಳು ಪಿಎಚ್‌ಡಿ ಮಾಡಾಕತ್ತಾಳ. ಆಕೀದೊಂದು ಲೇಖನ ಹಾಕಸಿಬಿಡ್ರಿ.”

“ಅದು ಆಗೂದಿಲ್ರಿ. ಗುರುತಿನವರದು ಅಂತ ಗೊತ್ತಾದ್ರ ನಾನು ಮುಟ್ಟೂ ಹಾಂಗಿಲ್ಲ. ವಾಪಸ್ ಕಳಸಬೇಕು.”

“ಹೋಗ್ಲಿ, ಪಗಾರಾದ್ರೂ ಛಲೋ ಕೊಡ್ತಾರೇನು?”

“ಒಂದು ರೂಪಾಯಿನೂ ಇಲ್ಲ.”

ಮಾಸ್ತರರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ನಿಜವಾದ ಅನುಕಂಪದಿಂದಲೇ ಕೇಳಿದರು: “ಹಂಗಾರ ನೀವು ಅಲ್ಲಿದ್ದು ಏನು ಉಪಯೋಗ್ರಿ?”

ಈ ಅಂಕಣದಲ್ಲಿ ಒಮ್ಮೆ ಆ ಮಂಡಳಿಯ ಸುದ್ದಿ ಬಾಯಿ ತಪ್ಪಿ ಬಂದಂದಿನಿಂದ ಓದುಗರು ಕೇಳುತ್ತಿರುವುದೂ ಇದನ್ನೇ, ಇನ್ನಷ್ಟು ಮರ್ಯಾದೆಯ ಮಾತಿನಲ್ಲಿ. ಆ ಪತ್ರಿಕೆ ಯಾವ ಅಂಗಡಿಯಲ್ಲಿ ಸಿಗುತ್ತದೆ, ನೀವು ಅದರಲ್ಲಿ ಏನು ತಿದ್ದುತ್ತೀರಿ, ಅದರಿಂದ ನಮ್ಮ ಮಕ್ಕಳಿಗೆ ಏನಾಗಬೇಕು ಎಂದು ಕೇಳುತ್ತಾರೆ. ಮೊದಲಿನ ಎರಡಕ್ಕೆ ಉತ್ತರ ಸಣ್ಣದು. ಮೂರನೆಯದಕ್ಕೆ ಜೋಯಿಡಾದವರೆಗೆ ಹೋಗಿಬರಬೇಕು.

ನಮ್ಮ ಪತ್ರಿಕೆಯ ವಿಷಯ ಶಾಲಾ ಮನೋವಿಜ್ಞಾನ. ಹೆದರುವ ಹೆಸರೇನಲ್ಲ. ಮಗು ಯಾಕೆ ಓದುತ್ತಿಲ್ಲ, ಯಾಕೆ ಬಾಯಿ ಬಿಡುತ್ತಿಲ್ಲ, ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೇ ಯಾಕೆ ಹೊಟ್ಟೆನೋವು ಬರುತ್ತದೆ ಎಂದು ಕೂತು ವಿಚಾರಿಸುವ ವಿದ್ಯೆ. 1896ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಬ್ಬ ಶಿಕ್ಷಕಿ, ಎಷ್ಟು ಹೇಳಿಕೊಟ್ಟರೂ ಸ್ಪೆಲಿಂಗ್ ಹತ್ತದ ಹುಡುಗನೊಬ್ಬನನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೈಟ್ನರ್ ವಿಟ್ಮರ್ ಬಳಿ ಕರೆದೊಯ್ದರು. ಪರೀಕ್ಷಿಸಿದರೆ ಹುಡುಗನಿಗೆ ಕಣ್ಣಿನ ದೋಷವೂ ಇತ್ತು. ಈ ಶಾಸ್ತ್ರ ಶುರುವಾದದ್ದೇ ಒಬ್ಬ ಶಿಕ್ಷಕಿಯ ಪ್ರಶ್ನೆಯಿಂದ ಎಂಬುದು ನನಗೆ ಯಾವಾಗಲೂ ಸಮಾಧಾನ ಕೊಡುವ ಸಂಗತಿ. ವಿಟ್ಮರ್ 1907ರಲ್ಲಿ ‘ದಿ ಸೈಕಲಾಜಿಕಲ್ ಕ್ಲಿನಿಕ್’ ಎಂಬ ಪತ್ರಿಕೆ ತೆಗೆದು ಇಂಥ ಮಕ್ಕಳ ವಿಷಯ ಪ್ರಕಟಿಸತೊಡಗಿದರು. ಶಾಲಾ ಮನೋವಿಜ್ಞಾನಕ್ಕೇ ಮೀಸಲಾದ ‘ಜರ್ನಲ್ ಆಫ್ ಸ್ಕೂಲ್ ಸೈಕಾಲಜಿ’ ಬಂದದ್ದು 1963ರಲ್ಲಿ. ಇವು ಅಂಗಡಿಯಲ್ಲಿ ತೂಗುಹಾಕಿ ಮಾರುವ ಪತ್ರಿಕೆಗಳಲ್ಲ. ಬರೆಯುವವರೂ ಓದುವವರೂ ಹೆಚ್ಚಾಗಿ ಸಂಶೋಧಕರೇ.

ಇಂಥ ಪತ್ರಿಕೆಗೆ ಬರಹವೊಂದು ಬಂದರೆ ಮುಖ್ಯ ಸಂಪಾದಕರು ಮೊದಲು ಕಣ್ಣಾಡಿಸುತ್ತಾರೆ. ವಿಷಯ ಹೊಂದದಿದ್ದರೆ, ಕುಂದು ಎದ್ದು ಕಾಣುತ್ತಿದ್ದರೆ ಅಲ್ಲಿಂದಲೇ ವಾಪಸು. ಆ ಜರಡಿ ದಾಟಿದ್ದು ಸಹ ಸಂಪಾದಕರೊಬ್ಬರ ಕೈ ಸೇರುತ್ತದೆ. ಅವರು ಅದನ್ನು ಇಬ್ಬರು ಮೂವರು ಪರಿಶೀಲಕರಿಗೆ ಕಳಿಸುತ್ತಾರೆ. ಮಂಡಳಿಯ ಸದಸ್ಯರೆಂದರೆ ಹೀಗೆ ಪರಿಶೀಲಿಸುತ್ತೇವೆಂದು ಕೆಲವು ವರ್ಷಕ್ಕೆ ಒಪ್ಪಿಕೊಂಡವರು. ಬರೆದವರ ಹೆಸರು ಅಳಿಸಿರುತ್ತದೆ, ನಮ್ಮ ಹೆಸರು ಅವರಿಗೆ ತಿಳಿಯುವುದಿಲ್ಲ. ಮೂರ್ನಾಲ್ಕು ವಾರದೊಳಗೆ ಓದಿ ನಾಲ್ಕರಲ್ಲಿ ಒಂದು ಹೇಳಬೇಕು: ಇದ್ದ ಹಾಗೆ ಹಾಕಬಹುದು, ಸಣ್ಣ ತಿದ್ದುಪಡಿ ಬೇಕು, ದೊಡ್ಡ ತಿದ್ದುಪಡಿ ಬೇಕು, ಬೇಡ. ಮೊದಲನೆಯದನ್ನು ನಾನು ಈವರೆಗೆ ಹೇಳಿದ್ದಿಲ್ಲ. ಕೊನೆಯ ತೀರ್ಮಾನ ಸಂಪಾದಕರದು, ನಮ್ಮದು ಬರೀ ಸಲಹೆ. ಅಲ್ಪವಿರಾಮ, ದೀರ್ಘ, ಒತ್ತು ತಿದ್ದುವ ಕೆಲಸ ನಮ್ಮದಲ್ಲ. ಹೇಳಿದ ಮಾತಿಗೂ ತೋರಿಸಿದ ಲೆಕ್ಕಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದಷ್ಟೇ ಕೆಲಸ.

ಮಾಸ್ತರರು “ಹಾಕಸಿಬಿಡ್ರಿ” ಎಂದದ್ದರಲ್ಲಿ ತಪ್ಪು ಹುಡುಕಲಾರೆ. ಪಿಎಚ್‌ಡಿ ಪ್ರಬಂಧ ಒಪ್ಪಿಸುವ ಮೊದಲು ಒಂದಾದರೂ ಲೇಖನ ಪ್ರಕಟವಾಗಿರಬೇಕೆಂದು ಯುಜಿಸಿ ಬಹುಕಾಲ ನಿಯಮ ಮಾಡಿತ್ತು. ಆ ನಿಯಮದ ನೆರಳಲ್ಲಿ ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಯಂತೆ ಎದ್ದವು. ಅವನ್ನು ಬೇರ್ಪಡಿಸಲು ಯುಜಿಸಿ ‘ಕೇರ್’ ಎಂಬ ಪಟ್ಟಿ ತಂದು, 2025ರಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟಿತು. ಪ್ರಕಟಣೆಯ ಕಡ್ಡಾಯ 2022ರ ನಿಯಮಾವಳಿಯಲ್ಲೇ ಹೋಯಿತು, ಅಭ್ಯಾಸ ಹೋಗಿಲ್ಲ. ನನಗೂ ವಾರಕ್ಕೊಂದಾದರೂ ಪತ್ರ ಬರುತ್ತದೆ: ‘ಮಾನ್ಯ ವಿದ್ವಾಂಸರೇ, ನಮ್ಮ ಸಂಪಾದಕ ಮಂಡಳಿಗೆ ತಮ್ಮನ್ನು ಆರಿಸಿದ್ದೇವೆ.’ ಒಮ್ಮೆ ದಂತವೈದ್ಯದ ಪತ್ರಿಕೆಯೊಂದು ನನ್ನನ್ನು ಆರಿಸಿತ್ತು. ಸಾಚಾ ಪತ್ರಿಕೆ ಹೀಗೆ ಅಂಗಲಾಚುವುದಿಲ್ಲ. ನಾಲ್ಕಾರು ವರ್ಷ ಬಿಡಿಬಿಡಿಯಾಗಿ ಬರಹ ಕಳಿಸಿ, ಹೊತ್ತಿಗೆ ಸರಿಯಾಗಿ ಓದಿಕೊಡುತ್ತಾರೋ, ನ್ಯಾಯವಾಗಿ ಓದುತ್ತಾರೋ ಎಂದು ನೋಡಿಯೇ ಕರೆಯುತ್ತದೆ.

ನನ್ನ ಮೊದಲ ಪರಿಶೀಲನೆ ನೆನೆದರೆ ಈಗಲೂ ನಾಚಿಕೆ. ಕೆಂಪು ಪೆನ್ನು ಸಿಕ್ಕ ಹೊಸ ಶಿಕ್ಷಕಿಯ ಹಾಗೆ ಆರು ಪುಟ ತಪ್ಪು ಪಟ್ಟಿ ಮಾಡಿ ಕಳಿಸಿದ್ದೆ. ಸಂಪಾದಕರು ಎರಡೇ ಸಾಲು ಬರೆದರು. ಇಷ್ಟು ತಪ್ಪುಗಳಲ್ಲಿ ಈ ಬರಹವನ್ನು ನಿಜವಾಗಿ ಕೆಡವುವ ಎರಡು ಯಾವುವು, ಅವನ್ನಷ್ಟೇ ಹೇಳಿ ಎಂಬುದು ಅವರ ಮಾತಿನ ತಾತ್ಪರ್ಯ. ಅಂದಿನಿಂದ ಪ್ರತಿ ಬರಹವನ್ನೂ ಎರಡು ಪ್ರಶ್ನೆ ಹಿಡಿದು ಓದುತ್ತೇನೆ. ಈ ಮಕ್ಕಳು ಯಾರು? ಇವರನ್ನು ಯಾವ ಮಾತಿನಲ್ಲಿ ಕೇಳಿದಿರಿ?

ಎರಡನೆಯ ಪ್ರಶ್ನೆ ನಾನು ಪುಸ್ತಕದಿಂದ ಕಲಿತದ್ದಲ್ಲ. ಧಾರವಾಡದಲ್ಲಿ ಓದು ಮುಗಿಸಿ ಈ ಸೀಮೆಗೆ ಬಂದ ಹೊಸತರಲ್ಲಿ, ಜೋಯಿಡಾ ತಾಲೂಕಿನ ಕಾಡೊಳಗಿನ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಕೈಯಲ್ಲಿ ಮಕ್ಕಳ ಆತಂಕ ಅಳೆಯುವ ಕನ್ನಡದ ಪ್ರಶ್ನಾವಳಿ, ಇಪ್ಪತ್ತು ಪ್ರಶ್ನೆ. ಮೂರನೇ ಇಯತ್ತೆಯ ಹುಡುಗಿಯೊಬ್ಬಳನ್ನು ಎದುರು ಕೂರಿಸಿಕೊಂಡೆ. ‘ರಾತ್ರಿ ಒಬ್ಬಳೇ ಇರಲು ಹೆದರಿಕೆ ಆಗುತ್ತದೆಯೇ?’ ಎಂದೆ. “ನಾ” ಎಂದಳು. ನಾನು ಕಾದೆ. ನಾ ಅಂದರೆ ನಾನು, ಮುಂದೇನೋ ಹೇಳುತ್ತಾಳೆ ಎಂದು. ಅವಳು ಸುಮ್ಮನಾದಳು. ‘ಶಾಲೆಯಲ್ಲಿ ಎಲ್ಲರೂ ನಗುತ್ತಾರೆ ಅನಿಸುತ್ತದೆಯೇ?’ ಮತ್ತೆ “ನಾ”. ಮತ್ತೆ ಮೌನ. ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ: ವಾಕ್ಯ ಶುರು ಮಾಡಿ ನಿಲ್ಲಿಸುತ್ತಾಳೆ, ತೀವ್ರ ಹಿಂಜರಿಕೆ. ಹನ್ನೊಂದನೆಯದೋ ಹನ್ನೆರಡನೆಯದೋ ‘ನಾ’ ಬಂದಾಗ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಬಿಸಿಯೂಟದ ಅಕ್ಕ ನಗು ತಡೆಯಲಾರದೆ ಹೇಳಿದಳು: “ಮೇಡಂ, ಅದು ಇಲ್ಲ ಅನ್ನಾಕತ್ತೈತ್ರಿ. ಕೊಂಕಣಿಯೊಳಗ ನಾ ಅಂದ್ರ ಇಲ್ಲ.”

ಹುಡುಗಿ ಕುಣಬಿ ಮನೆಯವಳು. ಕೇಳಿದ್ದನ್ನೆಲ್ಲ ಅರ್ಥ ಮಾಡಿಕೊಂಡು, ಒಂದನ್ನೂ ಬಿಡದೆ, ಚೊಕ್ಕವಾಗಿ ಉತ್ತರ ಕೊಡುತ್ತಿದ್ದಳು. ಅವಳಲ್ಲಿ ಯಾವ ಹಿಂಜರಿಕೆಯೂ ಇರಲಿಲ್ಲ, ಕಿವಿ ಇಲ್ಲದ್ದು ನನಗೆ. ಆ ಅಕ್ಕ ಅಂದು ರಜೆಯಲ್ಲಿದ್ದಿದ್ದರೆ ನನ್ನ ಪಟ್ಟಿಯಲ್ಲಿ ಒಬ್ಬ ಆತಂಕದ ಮಗು ಹೆಚ್ಚಾಗುತ್ತಿತ್ತು. ಆ ಪಟ್ಟಿ ಲೇಖನವಾಗಿ, ಲೇಖನ ಪತ್ರಿಕೆಯಲ್ಲಿ ಬಂದು, ‘ಉತ್ತರ ಕನ್ನಡದ ಗ್ರಾಮೀಣ ಮಕ್ಕಳಲ್ಲಿ ಆತಂಕ ಹೆಚ್ಚು’ ಎಂದು ಇನ್ನೊಬ್ಬರು ಉದ್ಧರಿಸುತ್ತಿದ್ದರು.

ಮಾತಿನ ಈ ತೊಡಕು ನಮ್ಮ ಕಡೆಯವರಿಗೆ ಹೊಸದಲ್ಲ ಎನ್ನುವುದೇ ಇಲ್ಲಿ ಸ್ವಾರಸ್ಯ. 1934ರಲ್ಲಿ ವಿ.ವಿ. ಕಾಮತ್ ಅವರು ಫ್ರಾನ್ಸಿನ ಬಿನೆ ರೂಪಿಸಿದ ಬುದ್ಧಿ ಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ಒಗ್ಗಿಸಿ ‘ಬ್ರಿಟಿಷ್ ಜರ್ನಲ್ ಆಫ್ ಎಜುಕೇಶನಲ್ ಸೈಕಾಲಜಿ’ಯಲ್ಲಿ ಲೇಖನ ಬರೆದರು. ಆಗ ನಮ್ಮ ಜಿಲ್ಲೆಯೂ ಧಾರವಾಡವೂ ಮುಂಬೈ ಪ್ರಾಂತದಲ್ಲಿದ್ದವು. ಕಾಮತರ ಆ ಪರೀಕ್ಷೆ, ಬಿನೆ–ಕಾಮತ್ ಎಂಬ ಹೆಸರಿನಲ್ಲಿ, ಹಳತಾಯಿತೆಂಬ ಆಕ್ಷೇಪ ಹೊತ್ತುಕೊಂಡೇ ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ನನಗೆ ಹೆಚ್ಚು ಹಿಡಿಸುವುದು ಆ ಲೇಖನದ ಶೀರ್ಷಿಕೆ. ಭಾರತದ ಮಕ್ಕಳಿಗಾಗಿ ಎಂದು ಬರೆದು ಅಷ್ಟಕ್ಕೇ ಬಿಡದೆ, ಕಂಸದೊಳಗೆ ‘ಕನ್ನಡ ಮತ್ತು ಮರಾಠಿ ಮಾತಾಡುವ’ ಎಂದು ಸೇರಿಸಿದರು. ತಾನು ಅಳೆದದ್ದು ಯಾರನ್ನು ಎಂದು ತಲೆಬರಹದಲ್ಲೇ ಹೇಳಿದ ಪ್ರಾಮಾಣಿಕತೆ ಅದು. ತೊಂಬತ್ತು ವರ್ಷದ ನಂತರ ನನ್ನ ಕೈಗೆ ಬರುವ ಎಷ್ಟೋ ಬರಹಗಳಲ್ಲಿ ಆ ಕಂಸ ಇರುವುದಿಲ್ಲ.

ಕೈಗೆ ಬಂದ ಬರಹದ ಗುಟ್ಟು ಬಿಟ್ಟುಕೊಡುವಂತಿಲ್ಲ. ಹಾಗಾಗಿ ಹಲವು ವರ್ಷಗಳ ಹಲವು ಬರಹ ಸೇರಿಸಿ, ನಮ್ಮೂರ ಬಟ್ಟೆ ತೊಡಿಸಿ ಒಂದು ಮಾದರಿ ಹೇಳುತ್ತೇನೆ. ಶೀರ್ಷಿಕೆ, ‘ಬುಡಕಟ್ಟು ಮತ್ತು ಬುಡಕಟ್ಟೇತರ ವಿದ್ಯಾರ್ಥಿಗಳ ಆತ್ಮಗೌರವ: ಒಂದು ತುಲನೆ’. ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿಯ ಮಕ್ಕಳು. ಕೋಷ್ಟಕ ಅಚ್ಚುಕಟ್ಟು, ಗಣಿತ ಸರಿ. ಆದರೆ ಕಂಬ ಎರಡೇ. ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು, ಆದ್ದರಿಂದ ಸಿದ್ದಿ ಮಗು ಬುಡಕಟ್ಟಿನ ಕಂಬಕ್ಕೆ. ಕುಣಬಿಗಳು ಅದೇ ಮಾನ್ಯತೆಗಾಗಿ ಇನ್ನೂ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ, ಗೌಳಿಗಳೂ ಅಷ್ಟೇ. ಹೀಗಾಗಿ ಕಾಡೊಳಗೆ ಗೆಡ್ಡೆ ಅಗೆಯುವ ಮನೆಯ ಮಗುವೂ, ದಾಂಡೇಲಿ ಕಾಗದದ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಬೆಳೆದ ಮಗುವೂ ‘ಬುಡಕಟ್ಟೇತರ’ ಎಂಬ ಒಂದೇ ಕಂಬದಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿರುತ್ತವೆ. ಸರ್ಕಾರದ ಪಟ್ಟಿ ಬದಲಾದ ದಿನ ಆ ಮಗುವಿನ ಮನಸ್ಸೂ ಪಕ್ಕದ ಕಂಬಕ್ಕೆ ಹೋಗಬೇಕೇ?

ಮುಂದೆ ಮನೆಯ ಸ್ಥಿತಿಗತಿ. ಅದಕ್ಕೆ ಕುಪ್ಪುಸ್ವಾಮಿ ಮಾಪಕ ಬಳಸಿರುತ್ತಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1956ರಲ್ಲಿ ‘ಸೈಕಲಾಜಿಕಲ್ ಸ್ಟಡೀಸ್’ ಪತ್ರಿಕೆ ಕಟ್ಟಿದ ಬಿ. ಕುಪ್ಪುಸ್ವಾಮಿ ಅವರದೇ ಮಾಪಕ ಅದು. ಆ ಪತ್ರಿಕೆ ಇಂದಿಗೂ ನಡೆಯುತ್ತಿದೆ, ಮಾಪಕವೂ ನಡೆಯುತ್ತಿದೆ. ಆದರೆ ಅವರು ಅದನ್ನು ಮಾಡಿದ್ದು ನಗರದ ಕುಟುಂಬಗಳಿಗೆ. ಮನೆಯ ಯಜಮಾನನ ವಿದ್ಯೆ, ಉದ್ಯೋಗ, ತಿಂಗಳ ವರಮಾನ ಅದರ ಮೂರು ಕಾಲು. ಎಮ್ಮೆ ಕಟ್ಟಿಕೊಂಡಿರುವ ಗೌಳಿ ಮನೆಗೆ, ಸ್ವಲ್ಪ ಭತ್ತ ಸ್ವಲ್ಪ ಕಾಡು ಎಂದು ಬದುಕುವ ಮನೆಗೆ ‘ತಿಂಗಳ ವರಮಾನ’ ಎಂಬ ಖಾನೆಯಲ್ಲಿ ಏನು ಬರೆಯುವುದು? ಮಾಪಕದ ತಪ್ಪಲ್ಲ ಇದು, ಎತ್ತಿಕೊಂಡವರ ಅವಸರ.

ಇನ್ನೊಂದು ಸಾಲು ಸದಾ ಇರುತ್ತದೆ: ‘ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆಯಲಾಯಿತು.’ ಮುಖ್ಯೋಪಾಧ್ಯಾಯರು ಕೋಣೆಯ ಬೀಗ ತೆಗೆಸಬಹುದು, ಮಗುವಿನ ಮನಸ್ಸಿನದನ್ನು ತೆಗೆಸುವ ಅಧಿಕಾರ ಅವರಿಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಸೂತ್ರಗಳ ಪ್ರಕಾರ ತಂದೆತಾಯಿಯ ಒಪ್ಪಿಗೆ ಬೇಕು, ಏಳು ವರ್ಷ ದಾಟಿದ ಮಗುವಿನ ಸಮ್ಮತಿಯೂ ಬೇಕು. ತಾಯಿಗೆ ಓದು ಬಾರದಿದ್ದರೆ ಅವಳ ಮಾತಿನಲ್ಲೇ ಓದಿ ಹೇಳಬೇಕು. ಹೀಗೆ ಕೇಳಿದ್ದೀರಾ ಎಂದು ನಾನು ಬರೆದರೆ, ಕೆಲವರು ಸಿಟ್ಟಾಗಿ ಬೇರೆ ಪತ್ರಿಕೆಗೆ ಕಳಿಸುತ್ತಾರೆ. ಕೆಲವರು ಮತ್ತೆ ಶಾಲೆಗೆ ಹೋಗುತ್ತಾರೆ. ಆ ಎರಡನೆಯವರಿಗಾಗಿಯೇ ಈ ಬಿಟ್ಟಿ ಕೆಲಸ.

ಇಷ್ಟು ಕೂದಲು ಸೀಳಬೇಕೇ ಎಂದು ಕೇಳುವವರಿದ್ದಾರೆ. ಪತ್ರಿಕೆಯ ಪುಟಕ್ಕೂ ನಮ್ಮ ಮಗುವಿನ ಪಾಟೀಚೀಲಕ್ಕೂ ಇರುವ ದಾರಿ ಅಷ್ಟೇನೂ ಉದ್ದವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕೆಯ ನಿರ್ದಿಷ್ಟ ತೊಂದರೆಯನ್ನೂ ಅಂಗವೈಕಲ್ಯದ ಪಟ್ಟಿಗೆ ಸೇರಿಸಿತು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯವೋ ಬರೆಯಲು ಸಹಾಯಕರೋ ಬೇಕಾದರೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ಪರೀಕ್ಷೆ ಬೇಕು, ಆ ಪರೀಕ್ಷೆ ನಂಬಲರ್ಹವೆಂದು ತೀರ್ಮಾನವಾಗುವುದು ಇಂಥ ಪತ್ರಿಕೆಗಳ ಪುಟದಲ್ಲಿ. ಅಲ್ಲಿ ಸಡಿಲ ಬಿಟ್ಟ ಗಂಟು ಇಲ್ಲಿ ಬಿಚ್ಚಿಕೊಳ್ಳುತ್ತದೆ. ಬರೀ ಮಾತು ಬಾರದ ಮಗುವಿಗೆ ತೊಂದರೆಯ ಚೀಟಿ ಅಂಟುತ್ತದೆ. ನಿಜವಾಗಿ ತೊಂದರೆಯಿರುವ ಮಗುವನ್ನು ‘ಮನೆಯಲ್ಲಿ ಕನ್ನಡವಿಲ್ಲ, ಅದಕ್ಕೇ ಹೀಗೆ’ ಎಂದು ಮುಂದೆ ದಾಟಿಸಿಬಿಡುತ್ತೇವೆ.

ಗಟ್ಟಿಯಾಗಿ ಮಾಡಿದ ಕೆಲಸ ಶಾಸ್ತ್ರವನ್ನೇ ತಿದ್ದುವುದೂ ಉಂಟು. ಬೆಂಗಳೂರಿನ ಶಾಲೆಗಳಲ್ಲಿ ಕೆಲಸ ಮಾಡಿದ ಸೋನಾಲಿ ನಾಗ್ 2007ರಲ್ಲಿ ‘ಜರ್ನಲ್ ಆಫ್ ರಿಸರ್ಚ್ ಇನ್ ರೀಡಿಂಗ್’ನಲ್ಲಿ ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಬರೆದರು. ಇಂಗ್ಲಿಷಿನ ಮಗುವಿಗೆ ಅಕ್ಷರ ಇಪ್ಪತ್ತಾರು. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ನಾನೂರು ದಾಟುತ್ತವೆ. ಮೂರನೇ, ನಾಲ್ಕನೇ ಇಯತ್ತೆಯಲ್ಲೂ ಮಕ್ಕಳು ಅಕ್ಷರ ಕಲಿಯುತ್ತಲೇ ಇರುತ್ತಾರೆ, ಅದು ದಡ್ಡತನವಲ್ಲ, ಲಿಪಿಯ ನಡಿಗೆಯೇ ಹಾಗೆ ಎಂದು ಅವರು ಅಂಕಿಯಿಟ್ಟು ತೋರಿಸಿದರು. ನಮ್ಮ ಒಂದನೇ ಇಯತ್ತೆಯ ಅಕ್ಕೋರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಇಂಗ್ಲಿಷ್ ಮಗುವಿನ ಗಡಿಯಾರ ನೋಡಿ ಕನ್ನಡದ ಮಗು ತಡವಾಯಿತು ಎನ್ನುವವರ ಬಾಯಿ ಮುಚ್ಚಿಸಲು ಅಕ್ಕೋರ ಅನುಭವ ಸಾಲದು, ಪತ್ರಿಕೆಯ ಪುಟ ಬೇಕು.

ಮುಂಡಗೋಡದ ಕಡೆ ಹೋದಾಗಲೆಲ್ಲ ನನಗೊಂದು ವಿಚಿತ್ರ ಯೋಚನೆ ಬರುತ್ತದೆ. 1966ರಿಂದ ಅಲ್ಲಿ ಟಿಬೆಟಿಯನ್ನರ ನೆಲೆಯಿದೆ. 2013ರ ಜನವರಿಯಲ್ಲಿ ಅಲ್ಲಿಯ ಡ್ರೆಪುಂಗ್ ಮಠದಲ್ಲಿ ದಲಾಯಿ ಲಾಮಾ ಅವರೊಡನೆ ಆರು ದಿನ ‘ಮೈಂಡ್ ಅಂಡ್ ಲೈಫ್’ ಸಂವಾದ ನಡೆಯಿತು. ರಿಚರ್ಡ್ ಡೇವಿಡ್ಸನ್, ಕ್ರಿಸ್ಟಾಫ್ ಕೋಕ್ ಅವರಂಥ ಮಿದುಳು ವಿಜ್ಞಾನಿಗಳು ಬಂದು ಮನಸ್ಸು ಎಂದರೇನು ಎಂದು ಸಾವಿರಾರು ಭಿಕ್ಷುಗಳ ಎದುರು ಮಾತಾಡಿದರು. ಅವರು ಭಿಕ್ಷುಗಳ ಮಾತಿಗೆ ಅನುವಾದಕರನ್ನು ಇಟ್ಟುಕೊಂಡೇ ಕೂತಿದ್ದರು. ಭಿಕ್ಷುವಿನ ಧ್ಯಾನ ತಿಳಿಯಲು ಟಿಬೆಟಿ ಬೇಕೆಂದು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಅಲ್ಲಿಂದ ಸ್ವಲ್ಪ ದೂರದ ಊರಿನ ಸಿದ್ದಿ ಹುಡುಗನ ಮನಸ್ಸು ತಿಳಿಯಲು ಅವನ ಕೊಂಕಣಿ ಬೇಕೆಂದು ಮಾತ್ರ ನಾವು ಇನ್ನೂ ಒಬ್ಬರಿಗೊಬ್ಬರು ಪತ್ರ ಬರೆಯಬೇಕಾಗಿದೆ.

ಹಾಗೆಂದು ಈ ಪತ್ರಿಕೆಗಳ ವಕೀಲಿ ಮಾಡಲು ಕೂತಿಲ್ಲ. ಮಕ್ಕಳ ಬಗ್ಗೆ ಬರೆದದ್ದು ಇಂಗ್ಲಿಷಿನಲ್ಲಿ, ಅದೂ ಬಹಳ ಸಲ ದುಡ್ಡಿನ ಬಾಗಿಲ ಹಿಂದೆ. ಪ್ರಶ್ನೆಗೆ ಉತ್ತರ ಕೊಟ್ಟ ಮಗುವಿನ ಶಾಲೆಗೇ ಲೇಖನದ ಪ್ರತಿ ಮುಟ್ಟುವುದಿಲ್ಲ. ಪ್ರತಿ ಲೇಖನದ ಜೊತೆ ಆ ಊರಿನ ಮಾತಿನಲ್ಲಿ ಒಂದು ಪುಟದ ಸಾರಾಂಶ ಇರಲಿ, ಅದು ಶಾಲೆಯ ಫಲಕಕ್ಕೆ ಹೋಗಲಿ ಎಂದು ನಾನು ಮಂಡಳಿಯಲ್ಲಿ ಹೇಳುತ್ತ ಬಂದಿದ್ದೇನೆ. ಪ್ರತಿ ಸಲವೂ ಎಲ್ಲರೂ ಒಳ್ಳೆಯ ಸಲಹೆ ಎನ್ನುತ್ತಾರೆ. ಸಭೆ ಮುಗಿಯುತ್ತದೆ. ಸಂಬಳವಿಲ್ಲದ ಹುದ್ದೆಯಲ್ಲಿ ರಾಜೀನಾಮೆ ಬೆದರಿಕೆಗೂ ಬೆಲೆಯಿಲ್ಲ.

ಮಾಸ್ತರರಿಗೆ ಅಂದು ಬಸ್ಸಿನಲ್ಲಿ ಇಷ್ಟೆಲ್ಲ ಹೇಳಲಾಗಲಿಲ್ಲ. ಮಗಳನ್ನು ಒಮ್ಮೆ ಕಳಿಸಿ, ನಮ್ಮ ಪತ್ರಿಕೆಗೆ ಬೇಡ, ಬೇರೆಲ್ಲಾದರೂ ಕಳಿಸುವುದಾದರೆ ಓದಿ ಹೇಳುತ್ತೇನೆ ಎಂದಷ್ಟೇ ಅಂದೆ. ಹುಡುಗಿ ಬಂದಳು. ಜೋಯಿಡಾ, ಹಳಿಯಾಳದ ನಲವತ್ತು ಮಕ್ಕಳ ಕನ್ನಡ ಓದಿನ ಮೇಲೆ ಅವಳ ಬರಹ, ಶ್ರಮ ಎದ್ದು ಕಾಣುತ್ತಿತ್ತು. ನಾನು ಕೇಳಿದ್ದು ಒಂದೇ, ಇವರ ಮನೆಮಾತು ಬರೆದುಕೊಂಡಿದ್ದೀಯಾ? ಇಲ್ಲ ಎಂದಳು. ಬರೆದುಕೊಂಡು ಬಾ ಎಂದೆ.

ಮೊನ್ನೆ ಅವಳ ಫೋನು ಬಂತು, ದನಿಯಲ್ಲಿ ಸಿಟ್ಟು. “ಮೇಡಂ, ಕೇಳಿ ನೋಡಿದೆ. ನಲವತ್ತರಲ್ಲಿ ಮನೆಯೊಳಗ ಕನ್ನಡ ಮಾತಾಡೋವು ಒಂಬತ್ತ ಅದಾವ. ಉಳದದ್ದು ಕೊಂಕಣಿ, ಮರಾಠಿ, ಉರ್ದು. ನನ್ನ ಕೋಷ್ಟಕ ಎಲ್ಲಾ ಒಡದು ಹೋತು. ನಾಲ್ಕು ತಿಂಗಳ ಕೆಲಸ!”

ಒಡೆಯಲಿ ಬಿಡು, ಈಗ ನಿನ್ನ ಹತ್ತಿರ ಬರೆಯುವಂಥದ್ದೊಂದು ಸಿಕ್ಕಿದೆ ಎಂದೆ. ಅವಳು ಒಪ್ಪಲಿಲ್ಲ. ಒಪ್ಪದಿದ್ದರೂ ಆ ಮೂವತ್ತೊಂದು ಮಕ್ಕಳ ಹತ್ತಿರ ಮತ್ತೆ ಹೋಗುತ್ತಾಳಂತೆ, ಕೊಂಕಣಿ ಬಲ್ಲ ಗೆಳತಿಯೊಬ್ಬಳನ್ನು ಕರೆದುಕೊಂಡು. ಆದರೆ ಈಗಲೇ ಅಲ್ಲ, ಜೋಯಿಡಾದ ಹಳ್ಳಗಳು ಇಳಿಯಬೇಕು. ಮಾಸ್ತರರು ಬಸ್ಸಿನಲ್ಲಿ ಸಿಕ್ಕರೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೇನೆ. ನಾನು ಅಲ್ಲಿದ್ದದ್ದರಿಂದ ಅವರ ಮಗಳ ಲೇಖನ ಒಂದು ಮಳೆಗಾಲ ತಡವಾಯಿತು. ಉಪಯೋಗ ಎಂದರೆ ಸದ್ಯಕ್ಕೆ ಇಷ್ಟೇ.